ನಮ್ಮ ಪಿಕಪ್ಪಿನ ಉಸಿರು

ನನ್ನ ಗಾಡಿಯ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಬಿಳಿ ಬನಿಯನ್ ಬಟ್ಟೆಯ ಒಂದು ತುಂಡಿದೆ. ಗ್ಯಾರೇಜಿನಲ್ಲಿ ಕೈ ಒರೆಸಿಕೊಳ್ಳಲು ಇಟ್ಟಿರುತ್ತಾರಲ್ಲ, ಅಂಥದ್ದು. ಅದರ ಮೇಲೆ ಬೆರಳಗಲದ ಒಂದು ಕಂದು ಗೆರೆ. ಏರ್ ಫಿಲ್ಟರಿನಿಂದ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತಳ್ಳುವ ಚಕ್ರ) ಕಡೆಗೆ ಹೋಗುವ ಪೈಪಿನೊಳಗೆ ಆ ಬಟ್ಟೆ ತೂರಿಸಿ ಒರೆಸಿದಾಗ ಬಂದ ಗೆರೆ ಅದು. ಫಿಲ್ಟರ್ ದಾಟಿದ ಮೇಲೆ ಆ ಪೈಪಿನಲ್ಲಿ ಧೂಳು ಇರಲೇಬಾರದು. ಎರಡು ಬೆರಳಲ್ಲಿ ಉಜ್ಜಿ ನೋಡಿದೆ. ಗೋಧಿ ಹಿಟ್ಟಿನಷ್ಟು ನುಣ್ಣಗಿತ್ತು, ಆದರೂ ಒಳಗೆಲ್ಲೋ ಸಣ್ಣಗೆ ಚುಚ್ಚುತ್ತಿತ್ತು.

ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಮನೆಯಿಂದ ತೋಟಕ್ಕೆ ಹೋಗಬೇಕೆಂದರೆ ನಾಲೆ ಏರಿ ಮೇಲಿನ ಮಣ್ಣಿನ ದಾರಿಯೇ ಗತಿ. ಮಳೆಗಾಲದಲ್ಲಿ ಕೆಸರು, ಉಳಿದ ದಿನ ಧೂಳು. ಕಾರ್ಖಾನೆ ಕಬ್ಬು ನುರಿಯಲು ಶುರು ಮಾಡಿತು ಅಂದರೆ ಮುಗಿಯಿತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತವೆ. ಅವುಗಳ ಹಿಂದೆ ಸಿಕ್ಕಿಕೊಂಡರೆ ಮುಂದಿನ ಟ್ರೇಲರಿನ ಕಬ್ಬೇ ಕಾಣುವುದಿಲ್ಲ, ಅಷ್ಟು ಧೂಳು. ಇದರ ಜೊತೆಗೆ ಆಲೆಮನೆಗಳು. ಕಬ್ಬಿನ ಸಿಪ್ಪೆ ಉರಿದು ಹಾರುವ ಕಪ್ಪು ಬೂದಿ ಬೆಳಿಗ್ಗೆ ಗಾಡಿಯ ಬಾನೆಟ್ ಮೇಲೆ ಕೂತಿರುತ್ತದೆ.

ಈ ದಾರಿಯಲ್ಲಿ ದಿನವೂ ಓಡುವುದು ನಮ್ಮ ಇಸುಜು ವಿ-ಕ್ರಾಸ್ ಪಿಕಪ್ ಗಾಡಿ. 2.5 ಲೀಟರ್ ಡೀಸೆಲ್ ಎಂಜಿನ್, 2018ರ ಗಾಡಿ, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ತೋಟದ ಎಳನೀರು ಮದ್ದೂರಿಗೆ, ಆಲೆಮನೆಯಿಂದ ಬೆಲ್ಲ ಮಂಡ್ಯಕ್ಕೆ, ವಾಪಸ್ ಬರುವಾಗ ಗೊಬ್ಬರದ ಚೀಲ ಅಥವಾ ಹಸುಗಳಿಗೆ ಬೂಸ. ಹಬ್ಬ ಬಂದರೆ ಮನೆಮಂದಿಯೆಲ್ಲ ಅದರಲ್ಲೇ. ನಾನು ಈ ಗಾಡಿಯನ್ನು ತುಂಬಾ ಹಚ್ಚಿಕೊಂಡಿದ್ದೇನೆ. ಅದಕ್ಕೇ ಒಳ್ಳೆಯದು ಮಾಡಲು ಹೋಗಿ ಮೊದಲ ಸಲ ಕೆಟ್ಟದ್ದು ಮಾಡಿದೆ.

ಮೈಸೂರಿನ ಒಂದು ಅಂಗಡಿಯಲ್ಲಿ ಕೋನ್ ಫಿಲ್ಟರ್ ಹಾಕಿಸಿದೆ. ಕಂಪನಿ ಕೊಟ್ಟ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ, ಅದರೊಳಗಿನ ಕಾಗದದ ಫಿಲ್ಟರ್, ಎರಡನ್ನೂ ತೆಗೆದರು. ಬದಲಿಗೆ ಬಾನೆಟ್ ಕೆಳಗೆ ಬಯಲಾಗಿ ಕೂರುವ, ಎಣ್ಣೆ ಸವರಿದ ಹತ್ತಿ ಬಟ್ಟೆಯ ಫಿಲ್ಟರ್ ಬಂತು. ಗಾಳಿ ಜಾಸ್ತಿ ಬರುತ್ತದೆ, ಪಿಕಪ್ ಜಾಸ್ತಿ ಆಗುತ್ತದೆ, ಮೈಲೇಜೂ ಏರುತ್ತದೆ ಅಂದರು. ತೊಳೆದು ಮತ್ತೆ ಹಾಕಬಹುದು, ಹೊಸ ಫಿಲ್ಟರ್ ಖರ್ಚಿಲ್ಲ ಅಂತಲೂ ಹೇಳಿದರು. ಆಕ್ಸಿಲರೇಟರ್ ಒತ್ತಿದರೆ ಟರ್ಬೊ ಸುಯ್ಯೆನ್ನುವುದು ಚೆನ್ನಾಗಿ ಕೇಳಿಸುತ್ತಿತ್ತು. ಸದ್ದು ಬದಲಾದರೆ ಶಕ್ತಿಯೂ ಬದಲಾಯಿತು ಅಂತ ಮನಸ್ಸು ನಂಬಿಬಿಡುತ್ತದೆ. ನಾನೂ ನಂಬಿದೆ.

ನಾಲ್ಕೈದು ತಿಂಗಳಾಗಿತ್ತು. ವೈರಮುಡಿಗೆ ಮೂರು ದಿನ ಇರುವಾಗ ಎಳನೀರು ತುಂಬಿಕೊಂಡು ಮೇಲುಕೋಟೆಗೆ ಹೊರಟೆ. ಜಕ್ಕನಹಳ್ಳಿ ದಾಟಿ ಬೆಟ್ಟ ಹತ್ತುವಾಗ ಗಾಡಿ ಎಳೆಯಲೇ ಇಲ್ಲ. ಯಾವಾಗಲೂ ಮೂರನೇ ಗೇರಿನಲ್ಲಿ ಆರಾಮಾಗಿ ಹತ್ತುವ ಜಾಗದಲ್ಲಿ ಎರಡನೇ ಗೇರಿಗೆ ಇಳಿಸಬೇಕಾಯಿತು. ಮೀಟರಿನಲ್ಲಿ ಎಂಜಿನ್ ದೀಪವೂ ಹೊತ್ತಿಕೊಂಡಿತು. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿದೆ, ಮುಂದೆ ಜನ ನಡೆದು ಹೋಗುತ್ತಿದ್ದಾರೆ. ಗಾಡಿ ಅಲ್ಲೇ ನಿಂತುಬಿಟ್ಟರೆ ಏನು ಗತಿ ಅಂತ ಕೈ ಬೆವರಿತು.

ಮರುದಿನ ಮಂಡ್ಯದಲ್ಲಿ ನಮ್ಮ ಮೆಕ್ಯಾನಿಕ್ ಅಣ್ಣನ ಹತ್ತಿರ ಹೋದೆ. ಅವರು ಯಾವುದಕ್ಕೂ ಅವಸರ ಮಾಡುವವರಲ್ಲ. ಕ್ಲಾಂಪ್ ಸಡಿಲಿಸಿ ಪೈಪ್ ಬಿಚ್ಚಿದರು. ಬಟ್ಟೆ ಹಾಕಿ ಒರೆಸಿ ನನ್ನ ಕೈಗೆ ಕೊಟ್ಟರು. "ನೋಡಿ ಸ್ವಾಮಿ, ಇಷ್ಟು ಧೂಳು ಕುಡಿದೈತೆ ನಿಮ್ಮ ಗಾಡಿ" ಅಂದರು. ಆಮೇಲೆ ಗಾಳಿ ಅಳೆಯುವ ಸೆನ್ಸರ್ ಬಿಚ್ಚಿ ಬೆಳಕಿಗೆ ಹಿಡಿದರು. ಅದರೊಳಗೆ ಕೂದಲಿನಂಥ ಒಂದು ತಂತಿ ಇರುತ್ತದೆ. ಕರೆಂಟಿನಿಂದ ಅದನ್ನು ಬಿಸಿಯಾಗಿ ಇಟ್ಟಿರುತ್ತಾರೆ. ಪಕ್ಕದಲ್ಲಿ ಹೋಗುವ ಗಾಳಿ ಅದನ್ನು ತಣ್ಣಗೆ ಮಾಡುತ್ತದೆ. ಮತ್ತೆ ಬಿಸಿ ಮಾಡಲು ಎಷ್ಟು ಕರೆಂಟು ಬೇಕಾಯಿತು ಅನ್ನುವುದರ ಮೇಲೆ ಎಷ್ಟು ಗಾಳಿ ಬಂತು ಅಂತ ಗಾಡಿಯ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ನನ್ನ ಗಾಡಿಯ ತಂತಿಯ ಮೇಲೆ ಫಿಲ್ಟರಿನ ಎಣ್ಣೆ ಹಾರಿ ಕೂತಿತ್ತು. ಎಣ್ಣೆಗೆ ಧೂಳು ಅಂಟಿ, ತಂತಿಗೆ ಕಂಬಳಿ ಹೊದಿಸಿದ ಹಾಗಾಗಿತ್ತು. ಗಾಳಿ ಬರುತ್ತಿದ್ದರೂ ಕಡಿಮೆ ಬರುತ್ತಿದೆ ಅಂತ ಸೆನ್ಸರ್ ಹೇಳಿದೆ. ಕಂಪ್ಯೂಟರ್ ಅದನ್ನು ನಂಬಿ ಡೀಸೆಲ್ ಕಡಿತ ಮಾಡಿದೆ. ಇಷ್ಟೇ ನಡೆದದ್ದು. ಗಾಳಿ ಜಾಸ್ತಿ ಆಗಲಿ ಅಂತ ಹಾಕಿಸಿದ ಸಾಮಾನಿನಿಂದ ಗಾಡಿಗೆ ಡೀಸೆಲ್ ಕಡಿಮೆಯಾಗಿತ್ತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಗೊತ್ತಿಲ್ಲದೆ ನನ್ನ ಹಾಗೆ ದುಡ್ಡು ಹಾಕುವವರು ಜಾಸ್ತಿ ಇದ್ದಾರೆ. ಡೀಸೆಲ್ ಎಂಜಿನ್ನಿನ ಶಕ್ತಿ ನಿಂತಿರುವುದು ಎಷ್ಟು ಡೀಸೆಲ್ ಚಿಮ್ಮುತ್ತದೆ ಅನ್ನುವುದರ ಮೇಲೆ. ಉರಿಯಲು ಬೇಕಾದದ್ದಕ್ಕಿಂತ ಜಾಸ್ತಿ ಗಾಳಿ ಅದರೊಳಗೆ ಮೊದಲೇ ಇರುತ್ತದೆ. ಕಂಪ್ಯೂಟರ್ ಡೀಸೆಲ್ ಜಾಸ್ತಿ ಮಾಡದೆ ಬರೀ ಗಾಳಿಯ ದಾರಿ ಅಗಲ ಮಾಡಿದರೆ ಹೇಳಿಕೊಳ್ಳುವಂಥ ಲಾಭ ಇಲ್ಲ. ಅದರ ಮೇಲೆ ಬಾನೆಟ್ ಕೆಳಗಿನ ಗಾಳಿ ಬಿಸಿ. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ನೂರಕ್ಕೆ 3 ಪಾಲು ಇಳಿಯುತ್ತದೆ. ಕಂಪನಿಯವರು ಮುಚ್ಚಿದ ಡಬ್ಬಿ ಮಾಡಿ ಹೊರಗಿನ ತಣ್ಣನೆ ಗಾಳಿಗೆ ಪೈಪ್ ಕೊಟ್ಟಿರುವುದು ಸುಮ್ಮನೆ ಅಲ್ಲ. ಧೂಳಿಲ್ಲದ ಊರಲ್ಲಿ, ಎಂಜಿನ್ ಟ್ಯೂನ್ ಮಾಡಿಸಿಕೊಂಡು ಓಡಿಸುವವರಿಗೆ ಕೋನ್ ಫಿಲ್ಟರ್ ಸರಿಹೋಗಬಹುದು. ನಾಲೆ ಏರಿ ಮೇಲೆ ಓಡುವ ಗಾಡಿಗೆ ಅದು ಬೇಡವೇ ಬೇಡ.

ಗ್ಯಾರೇಜಿನಿಂದ ಬಂದ ಸಂಜೆ ಅಪ್ಪ ಬಾನೆಟ್ ಎತ್ತಿಸಿದರು. ಟಾರ್ಚ್ ಹಿಡಿದು ಒಂದು ಸುತ್ತು ನೋಡಿ ಕೇಳಿದರು: "ಇದ್ರ ಎಣ್ಣೆ ಬಟ್ಲು ಎಲ್ಲೈತ್ಲಾ?"

ಅಪ್ಪ ಕೇಳಿದ್ದು ಹಳೇ ಟ್ರ್ಯಾಕ್ಟರಿನ ಲೆಕ್ಕದಲ್ಲಿ. ನಮ್ಮ ಮನೆಯಲ್ಲಿ ಮೆಸ್ಸಿ ಫರ್ಗುಸನ್ 1035 ಇತ್ತು. ಅದರ ಏರ್ ಕ್ಲೀನರ್ ಎಣ್ಣೆಯದು. ಗಾಳಿ ಮೇಲಿಂದ ಒಂದು ಕೊಳವೆಯಲ್ಲಿ ಇಳಿದು, ಬಟ್ಟಲಲ್ಲಿರುವ ಎಣ್ಣೆಗೆ ಬಡಿದು, ತಟ್ಟನೆ ಮೇಲಕ್ಕೆ ತಿರುಗುತ್ತದೆ. ಗಾಳಿ ತಿರುಗಿದಷ್ಟು ಬೇಗ ಧೂಳಿಗೆ ತಿರುಗಲು ಆಗುವುದಿಲ್ಲ. ಅದು ಎಣ್ಣೆಯಲ್ಲೇ ಉಳಿಯುತ್ತದೆ. ಅಲ್ಲೂ ತಪ್ಪಿಸಿಕೊಂಡ ಧೂಳು ಮೇಲಿರುವ, ಎಣ್ಣೆಯಲ್ಲಿ ನೆಂದ ತಂತಿ ಜಾಲರಿಗೆ ಅಂಟಿಕೊಳ್ಳುತ್ತದೆ. ಬೇಸಿಗೆ ಉಳುಮೆ ನಡೆಯುವಾಗ ಅಪ್ಪ ದಿನ ಬಿಟ್ಟು ದಿನ ಆ ಬಟ್ಟಲು ಬಿಚ್ಚುತ್ತಿದ್ದರು. ಹಳೇ ಎಣ್ಣೆ ಚೆಲ್ಲಿದರೆ ತಳದಲ್ಲಿ ಕಪ್ಪು ಕೆಸರು ಗಟ್ಟಿಯಾಗಿ ಕೂತಿರುತ್ತಿತ್ತು. ಅದನ್ನು ಕಡ್ಡಿಯಲ್ಲಿ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಗೆರೆಯವರೆಗೆ ಹೊಸ ಎಣ್ಣೆ ಹಾಕುತ್ತಿದ್ದರು. ಗೆರೆಗಿಂತ ಒಂದು ಬೆರಳು ಜಾಸ್ತಿ ಹಾಕಿದರೂ ಬೈಯುತ್ತಿದ್ದರು, ಎಂಜಿನ್ ಎಣ್ಣೆಯನ್ನೇ ಎಳೆದುಕೊಳ್ಳುತ್ತದೆ ಅಂತ. ಆ ಕೆಸರನ್ನು ಬೆರಳಲ್ಲಿ ಮುಟ್ಟಿ ಇದು ಯಾವ ಹೊಲದ ಮಣ್ಣು ಅಂತ ಹೇಳುತ್ತಿದ್ದರು. ಆಗ ನನಗೆ ಅದೊಂದು ಆಟದ ಹಾಗೆ ಕಾಣುತ್ತಿತ್ತು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಉಸಿರು ಎಳೆಯುತ್ತದೆ. 2.5 ಲೀಟರ್ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ 2500 ಲೀಟರ್ ಗಾಳಿ ಆಯಿತು. ಟರ್ಬೊ ತಳ್ಳುವುದು ಇದರ ಮೇಲೆ. ಸುಮ್ಮನೆ ಕೂತಿರುವ ಮನುಷ್ಯ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಎಳೆಯುತ್ತಾನೆ. ಇನ್ನೊಂದು ಕಡೆಯಿಂದ ನೋಡಿ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಬೇಕಾದರೆ ಕನಿಷ್ಠ 10,000 ಲೀಟರ್ ಗಾಳಿ ಬೇಕು. 5000 ಲೀಟರಿನ ನೀರಿನ ಟ್ಯಾಂಕರ್ ಎರಡು ತುಂಬುವಷ್ಟು. ಮದ್ದೂರಿಗೆ ಹೋಗಿ ಬಂದರೆ ಎಂಟು ಲೀಟರ್ ಡೀಸೆಲ್ ಖರ್ಚು. ಹದಿನಾರು ಟ್ಯಾಂಕರ್ ಗಾಳಿ ಆ ಒಂದು ಪೈಪಿನಲ್ಲಿ ಹೋಗುತ್ತದೆ.

ಆ ಗಾಳಿಯಲ್ಲಿರುವ ಧೂಳು ಎಂಥದ್ದು? ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಮರಳಿನ ಅಂಶ ಇದೆ. ಮರಳಿನ ಸಿಲಿಕಾ ಕಬ್ಬಿಣಕ್ಕಿಂತ ಗಟ್ಟಿ. ಕಣ್ಣಿಗೆ ಕಾಣುವ ದಪ್ಪ ಮರಳು ಫಿಲ್ಟರಿನಲ್ಲಿ ನಿಂತುಬಿಡುತ್ತದೆ. ಕಾಟ ಕೊಡುವುದು ಸಣ್ಣದು. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಅದರ ಐದನೇ ಒಂದು ಪಾಲಿನಷ್ಟು ಸಣ್ಣ ಕಣಗಳು ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವೆ ಇರುವ ಎಣ್ಣೆಯ ಪದರದಲ್ಲಿ ಸೇರಿಕೊಂಡು ಎರಡೂ ಕಡೆ ಸವೆಸುತ್ತವೆ. ಅದಕ್ಕೂ ಮೊದಲು ಟರ್ಬೊ. ಅದರ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತ ಜಾಸ್ತಿ ತಿರುಗಬಲ್ಲದು. ಆ ವೇಗದಲ್ಲಿ ತಿರುಗುವ ಅಲ್ಯೂಮಿನಿಯಂ ರೆಕ್ಕೆಗೆ ಧೂಳು ಬಡಿದರೆ ಅಂಚು ಅರ ಹಾಕಿದ ಹಾಗೆ ಸವೆಯುತ್ತದೆ. ಇದು ಒಂದು ದಿನದಲ್ಲಿ ಗೊತ್ತಾಗುವ ಕಾಯಿಲೆ ಅಲ್ಲ. ಮೊದಲು ಎಣ್ಣೆ ಕಡಿಮೆಯಾಗುತ್ತದೆ, ಆಮೇಲೆ ನೀಲಿ ಹೊಗೆ, ಕೊನೆಗೆ "ಎಂಜಿನ್ ಇಳಿಸ್ಬೇಕು" ಅನ್ನುವ ಮಾತು. ಆ ಮಾತು ಕೇಳಿದವರ ಮನೆಯಲ್ಲಿ ಆ ವರ್ಷದ ಬೆಲ್ಲದ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನಾನು ನೋಡಿದ್ದೇನೆ.

ಕೋನ್ ಫಿಲ್ಟರ್ ತೆಗೆಸಿದೆ. ಹಳೇ ಡಬ್ಬಿಯನ್ನು ಬಿಸಾಡದೆ ಅಟ್ಟದ ಮೇಲೆ ಇಟ್ಟಿದ್ದೆ, ಅದು ವಾಪಸ್ ಬಂತು. ಹೊಸ ಕಾಗದದ ಫಿಲ್ಟರ್, ಡಬ್ಬಿಯ ಅಂಚಿಗೆ ಹೊಸ ರಬ್ಬರ್. ಸೆನ್ಸರ್ ತಂತಿಯನ್ನು ಅದಕ್ಕೆಂದೇ ಸಿಗುವ ಸ್ಪ್ರೇಯಿಂದ ಕೈ ಮುಟ್ಟಿಸದೆ ತೊಳೆದೆವು. ಇದರ ಮೇಲೆ ನಾನು ನಿಜವಾಗಿ ದುಡ್ಡು ಹಾಕಿದ್ದು ಸ್ನಾರ್ಕೆಲ್ ಮತ್ತು ಸೈಕ್ಲೋನ್ ತಲೆಗೆ. ಸ್ನಾರ್ಕೆಲ್ ಅಂದರೆ ಫೆಂಡರಿನ (ಮುಂದಿನ ಚಕ್ರದ ಮೇಲಿನ ತಗಡಿನ) ಒಳಗಿನಿಂದ ಗಾಳಿ ಎಳೆಯುವ ಬದಲು, ಗಾಜಿನ ಪಕ್ಕದ ಕಂಬದ ಗುಂಟ ಮೇಲೇರಿ ಗಾಡಿಯ ಚಾವಣಿಯ ಎತ್ತರದಲ್ಲಿ ಗಾಳಿ ಎಳೆಯುವ ಕೊಳವೆ. ಚಕ್ರ ಎಬ್ಬಿಸುವ ಧೂಳು ಕೆಳಗೇ ದಟ್ಟವಾಗಿರುತ್ತದೆ. ಆಳೆತ್ತರಕ್ಕೆ ಬರುವಷ್ಟರಲ್ಲಿ ತೆಳುವಾಗುತ್ತದೆ. ಕೊಳವೆಯ ತುದಿಗೆ ಸೈಕ್ಲೋನ್ ತಲೆ ಹಾಕಿದರೆ ಒಳಗೆ ಓರೆ ರೆಕ್ಕೆಗಳಿರುತ್ತವೆ. ಗಾಳಿ ಸುಂಟರಗಾಳಿಯ ಹಾಗೆ ಸುತ್ತುತ್ತದೆ. ಭಾರದ ಧೂಳು ಗೋಡೆಗೆ ಎಸೆಯಲ್ಪಟ್ಟು ಪಾರದರ್ಶಕ ಬಟ್ಟಲಿಗೆ ಬೀಳುತ್ತದೆ. ಅಪ್ಪನಿಗೆ ತೋರಿಸಿದೆ. "ಟ್ರ್ಯಾಕ್ಟರ್ ಮೇಲೂ ಹಿಂಗೇ ಒಂದು ಬುಂಡೆ ಇರ್ತಿತ್ತಲ್ಲೊ" ಅಂದರು. ಅದೇ ಅದು.

ತೂತು ಕೊರೆಯುವ ದಿನ ನನಗೆ ಸರಿಯಾಗಿ ಊಟ ಸೇರಲಿಲ್ಲ. ಸ್ನಾರ್ಕೆಲ್ ಜೊತೆ ಬಂದ ಅಳತೆಯ ಕಾಗದವನ್ನು ಫೆಂಡರ್ ಮೇಲೆ ಅಂಟಿಸಿದರು ಮೆಕ್ಯಾನಿಕ್ ಅಣ್ಣ. ದೂರ ನಿಂತು ನೋಡಿದರು, ಹತ್ತಿರ ಬಂದು ನೋಡಿದರು. ಕಾಗದ ಕಿತ್ತು ಅರ್ಧ ಸೆಂಟಿಮೀಟರ್ ಹಿಂದಕ್ಕೆ ಸರಿಸಿ ಮತ್ತೆ ಅಂಟಿಸಿದರು. ಚಕ್ರದ ಒಳಗಿನ ಪ್ಲಾಸ್ಟಿಕ್ ತೆಗೆದು ಹಿಂದೆ ವೈರು ಗೀರು ಏನೂ ಇಲ್ಲ ಅಂತ ಕೈ ಹಾಕಿ ಖಾತ್ರಿ ಮಾಡಿಕೊಂಡರು. ಏರ್ ಡಬ್ಬಿಯ ಬಾಯಿಗೆ ಬಟ್ಟೆ ತುರುಕಿದರು, ಕಬ್ಬಿಣದ ಚೂರು ಒಳಗೆ ಹೋಗಬಾರದು ನೋಡಿ. ಎಷ್ಟು ಬಟ್ಟೆ ತುರುಕಿದೆವು ಅಂತ ಜೋರಾಗಿ ಎಣಿಸಿ ಹೇಳಿದರು: "ಎರಡು. ನೆನಪಿಟ್ಕೊಳ್ಳಿ ಸ್ವಾಮಿ, ಎರಡು." ಆಮೇಲೆ ಸಣ್ಣ ಡ್ರಿಲ್ಲಿನಲ್ಲಿ ನಡುವೆ ಒಂದು ತೂತು. ಅದರ ಮೇಲೆ ದುಂಡು ಗರಗಸ. ಹಲ್ಲು ತಗಡಿಗೆ ತಾಗಿದಾಗ ಬಂದ ಕಿರುಚು ಸದ್ದಿಗೆ ಅಪ್ಪ ಮುಖ ಆ ಕಡೆ ತಿರುಗಿಸಿದರು. ಬಣ್ಣ ಸುಟ್ಟ ವಾಸನೆ ಬಂತು. ಮದ್ದೂರು ವಡೆಯಷ್ಟು ಅಗಲದ ಒಂದು ತಗಡಿನ ಬಿಲ್ಲೆ ಠಣ್ಣೆಂದು ನೆಲಕ್ಕೆ ಬಿತ್ತು. ಎತ್ತಿಕೊಂಡೆ, ಬೆರಳು ಸುಟ್ಟಿತು.

ಬಿಲ್ಲೆ ಬಿದ್ದ ಮೇಲಿನ ಕೆಲಸವೇ ಮುಖ್ಯ ಅನ್ನುವುದು ನನಗೆ ಆಮೇಲೆ ಅರ್ಥವಾಯಿತು. ಕೊರೆದ ಅಂಚನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿ, ಎರಡು ಸಲ ಪ್ರೈಮರ್ ಹೊಡೆದು, ಒಣಗಲು ಬಿಟ್ಟು, ಮೇಲೆ ಬಣ್ಣ. ಇದಕ್ಕೇ ಅರ್ಧ ದಿನ ಹೋಯಿತು. ಹಾಗೇ ಬಿಟ್ಟರೆ ಒಂದೇ ಮಳೆಗಾಲಕ್ಕೆ ಅಲ್ಲಿಂದ ತುಕ್ಕು ಶುರು. ಆಮೇಲೆ ಒಂದೊಂದು ಜೋಡಣೆಗೂ ಸೀಲೆಂಟ್, ಒಂದೊಂದಕ್ಕೂ ಕ್ಲಾಂಪ್. ಹೊಸ ಗಾಳಿ ದಾರಿಯಲ್ಲಿ ಎಷ್ಟು ಜೋಡಣೆ ಇವೆಯೋ ಅಷ್ಟು ಕಡೆ ಸೋರಬಹುದು. ಗಾಳಿ ಫಿಲ್ಟರಿಗೆ ಬರುವ ಮುಂಚಿನ ದಾರಿಯಲ್ಲಿ ಸೋರಿದರೆ ಗಾಳಿ ತಣ್ಣಗಿರುವುದಿಲ್ಲ, ಅಷ್ಟೇ. ಫಿಲ್ಟರ್ ದಾಟಿದ ಮೇಲಿನ ದಾರಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಇಷ್ಟೆಲ್ಲ ಮಾಡಿದ್ದು ದಂಡ. ಎರಡು ಬಟ್ಟೆಗಳನ್ನು ಈಚೆ ತೆಗೆದು, ಎಣಿಸಿ, ಬಾನೆಟ್ ಮೇಲೆ ಅಕ್ಕಪಕ್ಕ ಹರಡಿದರು.

ಕೊನೆಯ ಪರೀಕ್ಷೆ ನನ್ನ ಕೈಯಲ್ಲೇ ಮಾಡಿಸಿದರು. ಸೈಕ್ಲೋನ್ ತಲೆ ತೆಗೆದಿಟ್ಟು ಎಂಜಿನ್ ಸ್ಟಾರ್ಟ್ ಮಾಡಿದರು. ನಾನು ಸ್ಟೂಲ್ ಮೇಲೆ ನಿಂತು ಅಂಗೈಯಿಂದ ಕೊಳವೆಯ ಬಾಯಿ ಮುಚ್ಚಿದೆ. ಅಂಗೈ ಚರ್ಮ ಒಳಕ್ಕೆ ಎಳೆದುಕೊಂಡಿತು. ಎಂಜಿನ್ನಿನ ಸದ್ದು ಕುಗ್ಗಿತು. ಒಂದೆರಡು ಸಲ ನಡುಗಿ ನಿಂತೇಹೋಯಿತು. ಗ್ಯಾರೇಜ್ ನಿಶ್ಶಬ್ದ ಆಯಿತು. ಎಲ್ಲಿಂದಲೂ ಕಳ್ಳ ಗಾಳಿ ಬರುತ್ತಿಲ್ಲ ಅನ್ನುವುದಕ್ಕೆ ಅದೇ ಗುರುತು. ಬಾಯಿ ಮುಚ್ಚಿದ ಮೇಲೂ ಎಂಜಿನ್ ಓಡುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ನೀವು ಇದನ್ನು ಮಾಡುವುದಾದರೆ ಎಂಜಿನ್ ಐಡ್ಲಿಂಗ್‌ನಲ್ಲಿ ಮಾತ್ರ ಇರಲಿ, ಪಕ್ಕದಲ್ಲಿ ತಿಳಿದವರೂ ಇರಲಿ. ಕೈ ತೆಗೆದಾಗ ಅಂಗೈಯಲ್ಲಿ ದುಂಡಗೆ ಕೆಂಪು ಗುರುತು ಬಿದ್ದಿತ್ತು. ಇಷ್ಟು ಜೋರಾಗಿ ಉಸಿರು ಎಳೆಯುತ್ತದಾ ನಮ್ಮ ಗಾಡಿ ಅಂತ ನನಗೆ ಮೈ ಜುಮ್ಮೆಂದಿತು. ಲೆಕ್ಕದಲ್ಲಿ ಗೊತ್ತಿದ್ದದ್ದು ಆವತ್ತು ಕೈಗೆ ಗೊತ್ತಾಯಿತು.

ಸ್ನಾರ್ಕೆಲ್ ನೋಡಿದವರೆಲ್ಲ ಕೇಳುವುದು ಒಂದೇ. ಹೊಳೆಗೆ ಇಳಿಸುತ್ತೀರಾ? ಇಲ್ಲ. ನೀರು ಎಂಜಿನ್ ಒಳಗೆ ಹೋದರೆ ಪಿಸ್ಟನ್ನಿಗೆ ಅದನ್ನು ಅದುಮಲು ಆಗುವುದಿಲ್ಲ, ಕನೆಕ್ಟಿಂಗ್ ರಾಡೇ ಬಗ್ಗಿಹೋಗುತ್ತದೆ. ಅದನ್ನು ತಡೆಯಲು ಸ್ನಾರ್ಕೆಲ್ ಸಹಾಯ ಮಾಡುತ್ತದೆ, ನಿಜ. ಆದರೆ ಬಾಗಿಲು, ವೈರಿಂಗ್, ಡಿಫರೆನ್ಷಿಯಲ್ (ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಇವು ಯಾವುದಕ್ಕೂ ಸ್ನಾರ್ಕೆಲ್ ಇಲ್ಲ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಹತ್ತಿರ ಹೆದ್ದಾರಿಯಲ್ಲಿ ನೀರು ನಿಂತು ಕಾರು, ಬಸ್ಸು ಮುಳುಗಿದ್ದನ್ನು ಎಲ್ಲರೂ ನೋಡಿದ್ದೇವೆ. ಅಂಥ ನೀರು ಕಂಡರೆ ನಾನು ಈಗಲೂ ಗಾಡಿ ತಿರುಗಿಸುತ್ತೇನೆ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರೂಪ ಬದಲಾಯಿಸುವುದಕ್ಕೆ ಕಡಿವಾಣ ಹಾಕುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿ ಹೇಳಿದೆ. ನಾನು ಕೊರೆಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿದೆ, ವಿಮೆಯವರಿಗೂ ಬರೆದು ತಿಳಿಸಿದೆ. ನೀವೂ ಮೊದಲು ಕೇಳಿ, ಆಮೇಲೆ ಡ್ರಿಲ್ ಎತ್ತಿ. ವಾರಂಟಿ ಇರುವ ಗಾಡಿಯಾದರೆ ಶೋರೂಮಿನಲ್ಲೂ ಕೇಳಿಕೊಳ್ಳಿ. ಇಷ್ಟೆಲ್ಲ ಬೇಡ ಅನ್ನುವವರು ಕಂಪನಿ ಡಬ್ಬಿಯನ್ನೇ ಸರಿಯಾಗಿ ನೋಡಿಕೊಂಡರೂ ಮುಕ್ಕಾಲು ಕೆಲಸ ಆಗುತ್ತದೆ.

ಆ ನೋಡಿಕೊಳ್ಳುವುದರಲ್ಲೇ ನಾವು ತಪ್ಪುವುದು ಜಾಸ್ತಿ. ಕಾಗದದ ಫಿಲ್ಟರ್ ಸ್ವಲ್ಪ ಕೊಳೆಯಾದಾಗ ಇನ್ನೂ ಚೆನ್ನಾಗಿ ಸೋಸುತ್ತದೆ. ಮೇಲೆ ಕೂತ ಧೂಳಿನ ಪದರವೇ ಸಣ್ಣ ಧೂಳನ್ನು ಹಿಡಿಯುತ್ತದೆ. ಹಾಗಂತ ಗಾಳಿಯೇ ಹೋಗದಷ್ಟು ಕಟ್ಟಿಕೊಳ್ಳಲು ಬಿಡಬಾರದು. ಆದರೆ ವಾರಕ್ಕೊಮ್ಮೆ ಬಿಚ್ಚಿ ಕಂಪ್ರೆಸರ್ ಗಾಳಿ ಹೊಡೆಯುವುದೂ ಸರಿಯಲ್ಲ. ಪಂಕ್ಚರ್ ಅಂಗಡಿಯಲ್ಲಿ ಜೋರು ಗಾಳಿಯನ್ನು ಹೊರಗಿನಿಂದ ಒಳಕ್ಕೆ ಹೊಡೆಯುವುದನ್ನು ನೋಡಿದರೆ ನನಗೆ ಈಗ ಸಂಕಟವಾಗುತ್ತದೆ. ಕಾಗದ ಕಣ್ಣಿಗೆ ಕಾಣದ ಹಾಗೆ ಹರಿಯುತ್ತದೆ. ಹೊಡೆಯಲೇಬೇಕಾದರೆ ಒಳಗಿನಿಂದ ಹೊರಕ್ಕೆ, ಮೆಲ್ಲಗೆ, ದೂರದಿಂದ. ಹೊಡೆದ ಮೇಲೆ ಬೆಳಕಿಗೆ ಹಿಡಿದು ನೋಡಿ. ಒಂದೇ ಒಂದು ಚುಕ್ಕಿ ಬೆಳಕು ತೂರಿ ಬಂದರೂ ಬಿಸಾಡಿ. ನೀರಲ್ಲಿ ತೊಳೆಯುವುದಂತೂ ಬೇಡ. ಡಬ್ಬಿ ಬಿಚ್ಚಿದಾಗೆಲ್ಲ ಒಳಗಿನ ಅಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಫಿಲ್ಟರ್ ಕೂರಿಸಿ.

ಹಾಕಿಸಿ ಒಂದು ಕಬ್ಬಿನ ಹಂಗಾಮು ಪೂರ್ತಿ ಕಳೆದಿದೆ. ಗಾಡಿಗೆ ಹೊಸ ಶಕ್ತಿ ಬಂತಾ ಅಂದರೆ ಇಲ್ಲ. ಮೇಲುಕೋಟೆ ಬೆಟ್ಟವನ್ನು ಮೊದಲಿನ ಹಾಗೆ ಮೂರನೇ ಗೇರಿನಲ್ಲಿ ಹತ್ತುತ್ತದೆ. ಅಷ್ಟೇ ನನಗೆ ಬೇಕಾಗಿದ್ದದ್ದು. ಮೂರು ತಿಂಗಳಿಗೆ ಒಮ್ಮೆ ಅದೇ ಪೈಪಿಗೆ ಹೊಸ ಬಿಳಿ ಬಟ್ಟೆ ಹಾಕಿ ಒರೆಸುತ್ತೇನೆ. ಬಿಳಿಯಾಗಿಯೇ ಈಚೆ ಬರುತ್ತದೆ. ಹಳೇ ತುಂಡಿನ ಪಕ್ಕ ಇಟ್ಟು ನೋಡುತ್ತೇನೆ.

ಸೈಕ್ಲೋನ್ ಬಟ್ಟಲು ತೆಗೆಯುವ ಕೆಲಸ ಅಪ್ಪನದು. ನಾನು ಹೇಳಿದ್ದಲ್ಲ, ಅವರೇ ಹಿಡಿದುಕೊಂಡರು. ಭಾನುವಾರ ಬೆಳಿಗ್ಗೆ ಕಾಫಿ ಆದ ಮೇಲೆ ಗಾಡಿಯ ಮೆಟ್ಟಿಲಿಗೆ ಒಂದು ಕಾಲು ಕೊಟ್ಟು, ತಲೆ ಬಿಚ್ಚಿ, ಬಟ್ಟಲು ಇಳಿಸುತ್ತಾರೆ. ಹೋದ ವಾರ ನಾಗಮಂಗಲದ ಕಡೆ ಮೇವು ತರಲು ಹೋಗಿದ್ದೆ. ಬಟ್ಟಲಲ್ಲಿ ಕೆಂಪು ಧೂಳು ಎರಡು ಬೆರಳು ನಿಂತಿತ್ತು, ಅದರ ಮೇಲೆ ತೆಳ್ಳಗೆ ಕಪ್ಪು ಬೂದಿ. ಅಪ್ಪ ಅಂಗೈಗೆ ಸುರಿದುಕೊಂಡು ಹೆಬ್ಬೆರಳಲ್ಲಿ ಉಜ್ಜಿದರು.

"ಕೆಳಗಿರೋದು ನಾಗಮಂಗಲ್ದು. ಮೇಲಿರೋದು ನಮ್ಮ ಆಲೆಮನೇದು" ಅಂದರು. ಆಮೇಲೆ ತೆಂಗಿನ ಮರದ ಬುಡಕ್ಕೆ ಕೊಡವಿ, ಬಟ್ಟಲನ್ನು ಪಂಚೆಯ ಅಂಚಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು.